ಕೀಳ್ ಕೋತಗಿರಿಯಿಂದ ತಂದ ಗುಂಡುಕಲ್ಲು

ಆ ಪ್ರವಾಸ ನೆನಪಾದಾಗಲೆಲ್ಲ ನನಗೆ ಮೊದಲು ಬಾಯಲ್ಲಿ ನೀರೂರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಎರಡೂ ಒಂದೇ ಚಟ್ನಿಯ ದೆಸೆಯಿಂದ.

ಉದಕಮಂಡಲದ ಮಾರುಕಟ್ಟೆಯ ಹಿಂದೆ ನಮ್ಮದೊಂದು ಆಲೂಗಡ್ಡೆ ಮಂಡಿ ಇತ್ತು. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು ಅಂಗಡಿ ಹಾಕಿದವರು. ಮಂಡಿ ಅವರ ಹೊಟ್ಟೆಪಾಡು, ಹುಚ್ಚು ಮಾತ್ರ ಹಳೇ ಕಲ್ಲುಗಳದ್ದು. ಹಟ್ಟಿಯ ರೈತರು ಗಡ್ಡೆಯ ಮೂಟೆ ಇಳಿಸುತ್ತಿದ್ದಂತೆಯೇ "ನಿಮ್ಮ ಕಡೆ ಕೋಟೆ ಗೀಟೆ ಇದೆಯೇನಪ್ಪ? ಕೆತ್ತಿದ ಕಲ್ಲು?" ಎಂದು ಶುರು ಮಾಡುತ್ತಿದ್ದರು. ಓದಿದ್ದು ಕೂಲಿಮಠದಲ್ಲಿ, ಆದರೆ ಕಲ್ಲಿನ ಮುಂದೆ ನಿಂತರೆ ಮಹಾ ಪಂಡಿತರು. ಕಲ್ಲಿನಲ್ಲಿರುವ ಮನುಷ್ಯನ ಕೈಯಲ್ಲಿ ಕೋಲಿದ್ದರೆ ಅವನು ದಳವಾಯಿ, ಪಕ್ಕದಲ್ಲಿ ಹೆಂಗಸಿದ್ದರೆ ಅವಳು ಅವನ ಜೊತೆ ಚಿತೆ ಏರಿದವಳು, ಕಾಲ ಬಳಿ ನಾಯಿ ಇದ್ದರೆ ಅದು ಹುಲಿ. "ಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ.

ನನಗೆ ಹತ್ತೋ ಹನ್ನೊಂದೋ ವರ್ಷವಿದ್ದಾಗ ಅಪ್ಪ ಗಡ್ಡೆ ಸಾಗಿಸಲು ಒಂದು ಮುದಿ ಬಸ್ಸು ಕೊಂಡರು. ಅದರ ಸೀಟುಗಳನ್ನು ಯಾರೋ ಆಗಲೇ ಕಿತ್ತುಹಾಕಿದ್ದರು. ಮಂಜು ಬಿದ್ದು ಗಡ್ಡೆಯ ವ್ಯಾಪಾರ ಮಂಕಾಗುವ ಕಾಲಕ್ಕೆ ಅಪ್ಪನ ತಲೆಗೆ ಹುಳ ಹೊಕ್ಕಿತು. ಬಸ್ಸಿನೊಳಗೆ ಹಲಗೆ ಹೊಡೆಸಿ ಮಲಗಲು ಎರಡು ಮಂಚ ಮಾಡಿಸಿದರು. ಕಿಟಕಿಗಳಿಗೆ ಅಮ್ಮನ ಹಳೇ ಸೀರೆ ಕಟ್ಟಿದರು. ಹಿಂಭಾಗದಲ್ಲಿ ಸೀಮೆಎಣ್ಣೆ ಸ್ಟವ್ವು, ನೀರಿನ ಪೀಪಾಯಿ, ದಿನಸಿಯ ಡಬ್ಬಗಳು. ಹಿಂಬದಿಯ ಬಾಗಿಲಿದ್ದ ಜಾಗಕ್ಕೆ ಗೋಣಿತಾಟಿನ ಪರದೆ. "ಮನೆಯನ್ನೇ ಕರಕೊಂಡು ಹೋಗ್ತೀನಿ, ಇನ್ನೇನು ಬೇಕು ನಿನಗೆ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಆಗ ಬಸುರಿ, ಮೊದಲ ತಿಂಗಳುಗಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ತನ್ನ ಅರೆಯುವ ಕಲ್ಲು ಮತ್ತು ಅದರ ಗುಂಡು.

"ಘಾಟಿಯಲ್ಲಿ ಆ ಭಾರ ಬೇರೆಯಾ?" ಎಂದರು ಅಪ್ಪ.

"ಕಲ್ಲು ನೋಡೋಕೆ ತಾನೇ ಹೊರಟಿರೋದು ನೀವು? ಒಂದು ಕಲ್ಲು ಜೊತೇಲಿದ್ರೆ ನಿಮಗೇನು ಕಷ್ಟ?" ಎಂದಳು ಅಮ್ಮ. ಕಲ್ಲೂ ಗುಂಡೂ ಬಸ್ಸು ಹತ್ತಿದವು.

ಅಪ್ಪ, ಅಮ್ಮ, ನಾನು, ಬಸ್ಸು ಓಡಿಸಲು ಅಪ್ಪನ ಊರಿನ ಕಡೆಯ ಒಬ್ಬ ಡ್ರೈವರಣ್ಣ, ಹೊರಟವರು ಇಷ್ಟೇ ಜನ. ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಗೆ ಹೋಗಿ ಮುಳ್ಳುಕಾಡಿನ ನಡುವೆ ವೀರಗಲ್ಲುಗಳನ್ನು ನೋಡಿದೆವು. ಬಸ್ಸು ನಿಂತಲ್ಲೆಲ್ಲ ಜನ ಕೂಡಿ, ಇದು ಯಾವ ನಾಟಕದ ಕಂಪನಿ, ಆಟ ಯಾವತ್ತು ಎಂದು ಕೇಳುತ್ತಿದ್ದರು. ಅಪ್ಪ ಕಲ್ಲಿನ ಮುಂದೆ ನಿಂತು ಕೈಯಾಡಿಸುತ್ತ ಕಥೆ ಹೇಳುವುದನ್ನು ನೋಡಿ, ಆಟ ಇದೇ ಇರಬೇಕೆಂದು ಎಷ್ಟೋ ಜನ ಕೂತು ಕೇಳಿದ್ದೂ ಉಂಟು.

ವಾಪಸು ಕಲ್ಲಟ್ಟಿ ಹತ್ತುವಾಗ ಬಸ್ಸು ಮುಗಿಲಿಗೆ ಮೂತಿ ಮಾಡಿತು. ಹಿಂದೆ ಡಬ್ಬಗಳೆಲ್ಲ ಸರಿದು ಸದ್ದು ಮಾಡಿದವು. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮನ ಗುಂಡು ಉರುಳಿಕೊಂಡು ಹೋಗಿ, ಗೋಣಿಯ ಪರದೆಯನ್ನು ಎತ್ತಿಕೊಂಡು ಹೊರಕ್ಕೆ ಹಾರಿತು. ರಸ್ತೆಯ ಮೇಲೆ ಒಂದು ಪುಟ ನೆಗೆದು ಕಣಿವೆಗೆ ಬಿತ್ತು. ಅದು ಬಂಡೆಯಿಂದ ಬಂಡೆಗೆ ಬಡಿಯುತ್ತ ಇಳಿದ ಸದ್ದು ಬಹಳ ಹೊತ್ತು ಕೇಳಿಸಿತು.

"ಅಮ್ಮಾರೆ, ನಾವು ಊಟಿ ಸೇರೋಕೆ ಮುಂಚೆ ಅದು ಮಸಿನಗುಡಿ ಸೇರ್ತದೆ ಬುಡಿ" ಎಂದ ಡ್ರೈವರಣ್ಣ. ಅಮ್ಮನಿಗೆ ನಗು ಬರಲಿಲ್ಲ. ಅದು ತವರಿನಿಂದ ತಂದ ಗುಂಡು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನನಗಿಂತ ಮೊದಲು ಅದನ್ನೇ ತೊಟ್ಟಿಲಲ್ಲಿ ಮಲಗಿಸಿ ತೂಗಿದ್ದರಂತೆ. ನಮ್ಮಲ್ಲಿ ಹಾಗೆಯೇ. ಮಗುವಿಗೆ ಹೆಸರಿಡುವ ದಿನ ಗುಂಡನ್ನು ತೊಳೆದು, ಕುಂಕುಮವಿಟ್ಟು, ಕುಲಾವಿ ತೊಡಿಸಿ ಮೊದಲು ತೊಟ್ಟಿಲಿಗೆ ಹಾಕುತ್ತಾರೆ. ಮಗು ಅದರ ಹಿಂದೆ ಹುಟ್ಟಿದ ತಮ್ಮನೋ ತಂಗಿಯೋ ಆಗಿ, ಕಲ್ಲಿನ ಹಾಗೆ ಗಟ್ಟಿಯಾಗಿ ಬೆಳೆಯಲಿ ಎಂದು. ಇನ್ನೊಂದು ಮಗು ಹೊಟ್ಟೆಯಲ್ಲಿರುವಾಗ ಗುಂಡು ಕಣಿವೆಯ ಪಾಲಾದದ್ದು ಅಮ್ಮನನ್ನು ಚುಚ್ಚಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಚಟ್ನಿಯಿಲ್ಲದೆ ಹೇಗೆ ತಿನ್ನುತ್ತೀರೋ ತಿನ್ನಿ ಎಂದಷ್ಟೇ ಹೇಳಿದಳು.

ಕೋತಗಿರಿ ದಾಟಿ ಕೀಳ್ ಕೋತಗಿರಿಗೆ ಹೋಗುವವರೆಗೂ ಬರೀ ಉಪ್ಪಿನಕಾಯಿ. ಆ ಕಡೆ ಕಾಡಿನ ನಡುವೆ ಒಂದು ಹಾಳುಕೋಟೆ ಇದೆಯೆಂದು ಯಾರೋ ಅಪ್ಪನಿಗೆ ಹೇಳಿದ್ದರು. ಚಹಾ ಎಸ್ಟೇಟಿನ ರಸ್ತೆ ಮುಗಿದಲ್ಲಿ ಬಸ್ಸು ನಿಲ್ಲಿಸಿ ನಡೆದೆವು. ಕೋಟೆ ಎಂದರೆ ಪೊದೆಯೊಳಗೆ ಕುಸಿದುಬಿದ್ದ ಒಂದಿಷ್ಟು ಗೋಡೆ. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಅಲ್ಲಿಂದ ಇಳಿದು ಬರುವ ದಾರಿಯಲ್ಲಿ, ತೊರೆಯ ಮಗ್ಗುಲಿಗೆ, ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಮೊಣಕಾಲೆತ್ತರದ ಗೂಡೊಂದು ಕಂಡಿತು. ಒಳಗೆ ಉದ್ದುದ್ದನೆಯ ನುಣ್ಣನೆಯ ಹೊಳೆಗಲ್ಲುಗಳು ಸಾಲಾಗಿ ಮಲಗಿದ್ದವು.

ಅಪ್ಪ ಒಂದು ಗಳಿಗೆಯೂ ತಡಮಾಡಲಿಲ್ಲ. "ಕವಣೆಕಲ್ಲು!" ಎಂದರು. "ಕೋಟೆ ಕಾಯೋ ಸಿಪಾಯಿಗಳು ಕೂಡಿಟ್ಟದ್ದು. ಶತ್ರು ಕೆಳಗಡೆಯಿಂದ ಬಂದ ಅಂದ್ಕೋ, ಇಲ್ಲಿಂದ ಎತ್ತಿ ಬೀಸೋದು!" ಎಂದು ಬರಿಗೈಯಲ್ಲೇ ಬೀಸಿ ತೋರಿಸಿದರು.

ಅಮ್ಮ ಬಗ್ಗಿ ನೋಡುತ್ತಿದ್ದಳು. ಕೊನೆಯಲ್ಲಿದ್ದದ್ದು ಉಳಿದವುಗಳಿಗಿಂತ ಚಿಕ್ಕದು, ಎರಡೂ ಕೈಗೆ ಸರಿಯಾಗಿ ಕೂರುವಂಥದು. "ನಿಮ್ಮ ಸಿಪಾಯಿಗಳಿಗೆ ಇನ್ನು ಇದು ಬೇಕಾ?" ಎಂದು ಕೇಳಿದಳು.

"ಅವರೆಲ್ಲ ಸತ್ತು ಯಾವ ಕಾಲವಾಯ್ತೋ. ತಗೋ, ತಗೋ" ಎಂದರು ಅಪ್ಪ. ತಾವೇ ಎತ್ತಿ ಅಮ್ಮನ ಕೈಗೆ ಕೊಟ್ಟರು. ಹೆಂಡತಿಗೆ ಒಡವೆ ಕೊಡಿಸಿದಷ್ಟು ಸಂತೋಷ ಅವರ ಮುಖದಲ್ಲಿತ್ತು. ಅಮ್ಮನೂ ನಕ್ಕಳು.

ಅವತ್ತು ಸಂಜೆ ಬಸ್ಸಿನ ನೆರಳಿನಲ್ಲಿ ಕೂತು ಅಮ್ಮ ಹುರಿಗಡಲೆ, ಕಾಯಿ, ಹಸಿಮೆಣಸು, ಬೆಳ್ಳುಳ್ಳಿ ಹಾಕಿ ಅರೆದಳು. ಕಲ್ಲು ನುಣುಪಾದ್ದರಿಂದ ಜಾರುತ್ತಿತ್ತು, ಚಟ್ನಿ ಸರಿಯಾಗಿ ನುರಿಯಲಿಲ್ಲ. ಆದರೆ ಅಷ್ಟು ದಿನ ನಾಲಿಗೆ ಒಣಗಿದ್ದ ನಮಗೆ ಅದು ಅಮೃತ. ನಾನು ತಟ್ಟೆಯನ್ನು ಬೆರಳಿನಿಂದ ಬಳಿದು ತಿಂದು, ಸಾಲದ್ದಕ್ಕೆ ಗುಂಡಿಗೆ ಅಂಟಿದ್ದನ್ನೂ ನೆಕ್ಕಿದೆ. ಅಮ್ಮ ಬೈದಳು, ಡ್ರೈವರಣ್ಣ ನಕ್ಕ. ಆ ತಣ್ಣನೆಯ ಕಲ್ಲು ನಾಲಿಗೆಗೆ ತಗುಲಿದ್ದು ಈಗಲೂ ನೆನಪಿದೆ. ಅದನ್ನು ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ.

ಊಟಿಗೆ ಬಂದ ಮೇಲೆ ನಮ್ಮ ಬೀದಿಗೆ "ಅಮ್ಮಿ ಕೊತ್ತಣುಮಾ" ಎಂದು ಕೂಗುತ್ತ ಬರುವ ತಮಿಳು ಹೆಂಗಸನ್ನು ಅಮ್ಮ ಕರೆದಳು. ಅರೆಯುವ ಕಲ್ಲು ನುಣುಪಾದರೆ ಉಳಿ ಹೊಡೆದು ಒರಟು ಮಾಡುವುದು ಅವಳ ಕಸುಬು. ಅವಳು ಜಗಲಿಯಲ್ಲಿ ಕೂತು, ಹೊಸ ಗುಂಡನ್ನು ಮಡಿಲಿಗೆ ಹಾಕಿಕೊಂಡು, ಅದರ ಮೈತುಂಬ ಸಣ್ಣ ಸಣ್ಣ ಗುಳಿಗಳನ್ನು ಹೊಡೆದಳು. ನಾನು ಪಕ್ಕದಲ್ಲೇ ಕೂತು ಬಿಳಿಯ ಪುಡಿ ಹಾರುವುದನ್ನು ನೋಡಿದೆ. ಆಮೇಲಿನ ಚಟ್ನಿ ಬೆಣ್ಣೆಯಂತೆ ಬಂತು. ತವರಿನ ಗುಂಡಿನ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ.

ಮಳೆಗಾಲದಲ್ಲಿ ತಮ್ಮ ಹುಟ್ಟಿದ. ಹೆಸರಿಡುವ ದಿನ ಸೋದರತ್ತೆ ಆ ಗುಂಡನ್ನೇ ತೊಳೆದು, ಕುಂಕುಮವಿಟ್ಟು, ಕೆಂಪು ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸಿದಳು. ಹೆಂಗಸರೆಲ್ಲ ಜೋಗುಳ ಹಾಡಿ ತೂಗಿದರು. ಆಮೇಲೆ ಅದರ ಪಕ್ಕಕ್ಕೆ ತಮ್ಮನನ್ನು ಮಲಗಿಸಿದರು.

ನಮಗೆ ಹಾಲು ಕೊಡುತ್ತಿದ್ದ ಬಡಗರ ಅಜ್ಜಿಯೊಬ್ಬರು ಅವತ್ತು ಬಂದಿದ್ದರು. ಅವರ ಹಟ್ಟಿಯ ಮಕ್ಕಳ ಹಾಗೆ ನಾನೂ ಅವರನ್ನು ಹೆತ್ತೆ ಎಂದೇ ಕರೆಯುತ್ತಿದ್ದೆ. ಬಿಳಿಯ ಬಟ್ಟೆಯುಟ್ಟು ತಲೆಗೂ ಬಿಳಿಯ ವಸ್ತ್ರ ಕಟ್ಟಿದ್ದ ಹೆತ್ತೆ, ಮಗುವಿನ ತಲೆ ಮುಟ್ಟಿ ಹರಸಲು ಕೈ ಚಾಚಿದವರು ಕುಲಾವಿ ಹಾಕಿದ ಕಲ್ಲನ್ನು ನೋಡಿ ನಕ್ಕು, "ಇದು ಏನ?" ಎಂದು ಕೇಳಿದರು. ಅಮ್ಮ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದಳು. ಬಸ್ಸು, ಕಲ್ಲಟ್ಟಿ, ಕೀಳ್ ಕೋತಗಿರಿಯ ಕೋಟೆ, ತೊರೆಯ ಪಕ್ಕದ ಗೂಡು.

ಹೆತ್ತೆಯ ಕೈ ಅಲ್ಲೇ ನಿಂತಿತು. ಅಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಹೋದೆ.

"ಅದು ಕೋಟೆದು ಅಲ್ಲ ಅಮ್ಮಾ. ಕುರುಂಬರದು. ಸಾವುಮನೆ. ಒಬ್ಬರು ಸತ್ತರೆ ಹೊಳೆಯಿಂದ ಒಂದು ಕಲ್ಲು ತಂದು ಅಲ್ಲಿ ಇಡುವರು. ಆ ಕಲ್ಲೇ ಆ ಆಳು" ಎಂದರು.

ಹೊರಗೆ ಹೆಂಗಸರು ಇನ್ನೂ ಜೋಗುಳ ಹಾಡುತ್ತಿದ್ದರು. ನನಗೆ ಮೊದಲು ನೆನಪಾದದ್ದು ನನ್ನ ನಾಲಿಗೆ. ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ.

ಆಮೇಲಿನ ತಿಂಗಳುಗಳು ನಮ್ಮ ಮನೆಯಲ್ಲಿ ಯಾರಿಗೂ ಬೇಡವಾಗಿದ್ದವು. ಗುಂಡನ್ನು ಅಡುಗೆಮನೆಯಲ್ಲಿಡುವಂತಿಲ್ಲ, ಎಸೆಯುವಂತೆಯೂ ಇಲ್ಲ. ಅಮ್ಮ ಅದನ್ನು ತಮ್ಮನ ಬಟ್ಟೆಯಲ್ಲೇ ಸುತ್ತಿ ಅಟ್ಟದ ಮೂಲೆಯಲ್ಲಿ ಇಟ್ಟಳು. ಈಗಿಂದೀಗಲೇ ಹೋಗಿ ಕೊಟ್ಟು ಬರೋಣ ಎಂದರೆ ಮಳೆಗೆ ಘಾಟಿಯ ರಸ್ತೆ ಕುಸಿದಿತ್ತು, ಅವಳು ಬಾಣಂತಿ ಬೇರೆ. ತಮ್ಮ ಕೆಮ್ಮಿದರೆ ಅಟ್ಟದ ಕಡೆ ನೋಡುತ್ತಿದ್ದಳು. ತಮ್ಮ ನಕ್ಕರೂ ಅಟ್ಟದ ಕಡೆಯೇ ನೋಡುತ್ತಿದ್ದಳು. ಒಂದು ದಿನ ಅಪ್ಪನ ಮುಂದೆ ಅತ್ತೇಬಿಟ್ಟಳು. "ಇವನು ಗುಂಡುಗುಂಡಾಗಿ ಬೆಳೀತಿದ್ದಾನೆ ಕಣ್ರೀ. ಅದೇ ನನಗೆ ಹೆದರಿಕೆ. ಯಾರದ್ದೋ ಕಿತ್ತುಕೊಂಡು ತಂದು ಇವನಿಗೆ ಕೊಟ್ಟ ಹಾಗಿದೆ" ಎಂದಳು. ಮಂಡಿಗೆ ಬಂದ ರೈತರನ್ನು ಕೋಟೆಯ ವಿಚಾರ ಕೇಳುವುದನ್ನು ಅಪ್ಪ ಬಿಟ್ಟಿದ್ದರು. ಯಾರಾದರೂ ತಾವಾಗಿಯೇ ಹೇಳಲು ಬಂದರೆ ತಕ್ಕಡಿಯ ಕಡೆ ತಿರುಗಿಕೊಳ್ಳುತ್ತಿದ್ದರು. ಅವರನ್ನು ಹಾಗೆ ನೋಡುವುದು ನನಗೆ ತುಂಬ ಕಷ್ಟವಾಗುತ್ತಿತ್ತು.

ಮಳೆ ನಿಂತು ರಸ್ತೆ ಒಣಗಿದ ಕೂಡಲೇ ಅದೇ ಬಸ್ಸಿನಲ್ಲಿ ಹೊರಟೆವು. ಈ ಸಲ ಸೀರೆಯ ಪರದೆಯಿಲ್ಲ, ದಾರಿಯಲ್ಲಿ ಕಥೆಯಿಲ್ಲ. ಸುಮ್ಮನೆ ಇದ್ದ ಜಾಗದಲ್ಲಿಟ್ಟು ಕೈಮುಗಿದು ಬಂದುಬಿಡೋಣ ಎಂದು ಅಪ್ಪನ ಇರಾದೆ. ಆದರೆ ಹೆತ್ತೆ ಅಮ್ಮನಿಗೆ ಹೇಳಿ ಕಳಿಸಿದ್ದರು, ಇಟ್ಟವರೇ ಮತ್ತೆ ಇಡಬೇಕು, ನೀವು ಇಡುವ ಹಾಗಿಲ್ಲ ಎಂದು. ಅಮ್ಮ ಪಟ್ಟು ಬಿಡಲಿಲ್ಲ. "ಅವರ ಕೈಗೇ ಕೊಟ್ಟು, ಅವರ ಬಾಯಿಂದಲೇ ಕ್ಷಮಿಸಿದೆ ಅನ್ನಿಸಿಕೊಳ್ಳದೆ ನಾನು ಈ ಮಗುವಿಗೆ ನೆಮ್ಮದಿಯಾಗಿ ಹಾಲು ಕುಡಿಸಲಾರೆ" ಎಂದಳು.

ಎಸ್ಟೇಟಿನ ಕೂಲಿಗಳ ಲೈನುಮನೆಗಳಲ್ಲಿ ವಿಚಾರಿಸಿದ ಡ್ರೈವರಣ್ಣ, ಕಲ್ಲಿನ ಸುದ್ದಿ ತಿಳಿಸಲು ಕಾಡಿನ ಕೆಳಗಿನ ಕುರುಂಬರ ಹಾಡಿಗೆ ಹೋದ. ನಾವು ತೊರೆಯ ಬಳಿ ಕಾದೆವು. ಗೂಡು ಹಾಗೆಯೇ ಇತ್ತು. ಕಲ್ಲುಗಳ ಸಾಲಿನ ಕೊನೆಯಲ್ಲಿ ಖಾಲಿ ಜಾಗ ಎದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಡ್ರೈವರಣ್ಣನ ಹಿಂದೆ ಒಬ್ಬಳು ಹೆಂಗಸು ಬಂದಳು, ಅಮ್ಮನ ವಯಸ್ಸಿನವಳೇ. ಅವಳು ನಮ್ಮನ್ನು ಯಾರೆಂದು ಕೇಳಲಿಲ್ಲ. ಅಮ್ಮನ ಕೈಯಲ್ಲಿದ್ದ ಬಟ್ಟೆಯ ಗಂಟನ್ನೇ ನೋಡುತ್ತ ಬಂದು ನಿಂತಳು.

ಅಪ್ಪ ಕೈಜೋಡಿಸಿದರು. "ಎತ್ತಿಕೊಟ್ಟವನು ನಾನು. ನನಗೆ ಗೊತ್ತಿರಲಿಲ್ಲ ತಾಯಿ" ಎಂದರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಹೆಂಗಸು ಗಂಟನ್ನು ತೆಗೆದುಕೊಂಡು ಅಲ್ಲೇ ಕುಳಿತು ಬಿಚ್ಚಿದಳು. ಆಮೇಲೆ, "ಎನ್ನ ಕೂಸ ಕಲ್ಲು" ಎಂದಳು. ಅವಳ ಮಾತು ಹೆತ್ತೆಯ ಮಾತಿನ ಹತ್ತಿರವೇ ಇತ್ತು, ನಮಗೆ ಅರ್ಥವಾಯಿತು. "ಕಾಡೆಲ್ಲ ತೇಡಿದೆ, ಸಿಕ್ಕಿಲ್ಲೆ. ನಂಗಳ ಹಿರಿಯರು ಎನ್ನ ಕೂಸ ಬೇಡ ಅಂದರು, ಹೊರಗೆ ಹಾಕಿದರು ಅಂತ ಇದ್ದೆ."

ಅವಳ ಮಗು ಸತ್ತಿತ್ತು. ಅದರ ಕಲ್ಲು ಮಾಯವಾದಾಗ, ಸತ್ತ ಹಿರಿಯರೇ ಮಗುವನ್ನು ತಮ್ಮ ಸಾಲಿಗೆ ಸೇರಿಸದೆ ಹೊರಗೆ ಹಾಕಿದರು ಎಂದು ಅವಳು ನಂಬಿದ್ದಳು. ನಾವು ಚಟ್ನಿ ತಿಂದುಕೊಂಡು ಇದ್ದಷ್ಟು ಕಾಲವೂ ಅವಳು ಹಾಗೆ ನಂಬಿಕೊಂಡೇ ಇದ್ದಳು. ಅಮ್ಮ ತಮ್ಮನನ್ನು ನನ್ನ ಕೈಗೆ ಕೊಟ್ಟು ಅವಳೆದುರು ನೆಲದ ಮೇಲೆ ಕೂತಳು. ಅಳುತ್ತ ಹೇಳಿದಳು. "ನಮ್ಮ ಮಗುವಿನ ತೊಟ್ಟಿಲಿಗೆ ಹಾಕಿದ್ವಿ. ಮೊದಲು ಇದನ್ನೇ ಮಲಗಿಸಿದ್ವಿ. ಇದು ಇವನಿಗಿಂತ ಹಿರಿಯ ಅಂತ, ನಮ್ಮಲ್ಲಿ ಹಾಗೆ."

"ತೊಟ್ಟಿಲಿಗಾ?"

"ಹೂಂ. ಕುಲಾವಿ ಹಾಕಿ."

"ತೂಗಿದಿರಾ?"

"ತೂಗಿದ್ವಿ. ಹಾಡು ಹೇಳಿ ತೂಗಿದ್ವಿ."

ಹೆಂಗಸಿನ ಮುಖ ಸಡಿಲವಾಯಿತು. ಕಲ್ಲನ್ನು ಮಡಿಲಿಗೆ ಎಳೆದುಕೊಂಡು ಅದರ ಮೈಮೇಲೆ ಕೈಯಾಡಿಸಿದಳು. ಆಡಿಸುತ್ತಿದ್ದ ಕೈ ನಿಂತಿತು. ಹೆಬ್ಬೆರಳು ಒಂದು ಗುಳಿಯಿಂದ ಇನ್ನೊಂದು ಗುಳಿಗೆ ಮೆಲ್ಲಗೆ ಹೋಯಿತು. ಹೊಳೆಯಿಂದ ಅವಳು ಆರಿಸಿ ತಂದಾಗ ಅದು ನುಣ್ಣಗಿತ್ತು.

"ಇದು ಏನ, ಈ ಗುಳಿ?" ಎಂದು ಕೇಳಿದಳು.

ನಾನು ಅಪ್ಪನನ್ನು ನೋಡಿದೆ. ಅಪ್ಪ ತೊರೆಯನ್ನು ನೋಡುತ್ತಿದ್ದರು. ಅಮ್ಮ ಈಗ ನಿಜ ಹೇಳುತ್ತಾಳೆ, ಹೇಳಿಬಿಡಲಿ ಎಂದು ನಾನು ಕಾದೆ. ಹೇಳದಿದ್ದರೆ ಸಾಕು ಎಂದೂ ಅಷ್ಟೇ ಬಯಸಿದೆ.

"ತೊಟ್ಟಿಲಲ್ಲಿ ಜಾರಬಾರದು ಅಂತ" ಎಂದಳು ಅಮ್ಮ. "ಜಾರಿ ಬಿದ್ದುಬಿಡಬಾರದು ಅಂತ ಹೊಡೆಸಿದ್ವಿ."

ಹೆಂಗಸು ಅಮ್ಮನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. "ಅಷ್ಟು ಜೋಪಾನ ಮಾಡಿದೆಯಾ ಅವ್ವೆ" ಎಂದು ಅಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಎದ್ದು, ಕಲ್ಲನ್ನು ತೊರೆಯಲ್ಲಿ ತೊಳೆದು, ಗೂಡಿನೊಳಗೆ ಅದರ ಜಾಗದಲ್ಲಿ ಮಲಗಿಸಿದಳು. ನನ್ನ ಹತ್ತಿರ ಬಂದು ತಮ್ಮನ ಕೆನ್ನೆ ಮುಟ್ಟಿ, "ಒಳ್ಳಂಗೆ ಇರಲಿ" ಎಂದಳು. ಅವನು ಅವಳ ಬೆರಳು ಹಿಡಿದುಕೊಂಡು ಬಿಡಲಿಲ್ಲ.

ಅಮ್ಮನಿಗೆ ಬೇಕಾಗಿದ್ದ ಕ್ಷಮೆ ಸಿಕ್ಕಿತ್ತು, ಅದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಬಸ್ಸು ಕೋತಗಿರಿ ದಾಟುವವರೆಗೂ ಆ ಹೆಂಗಸು ಹಿಡಿದಿದ್ದ ಕೈಯನ್ನು ಅವಳು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು. ಅಪ್ಪ ಒಮ್ಮೆ, "ನೀನು ಹೇಳಿದ್ದು ಒಳ್ಳೆಯದೇ ಆಯಿತು, ಆ ತಾಯಿಗೆ ನೆಮ್ಮದಿ" ಎಂದರು. "ನೆಮ್ಮದಿ ಆದದ್ದು ಅವಳಿಗಾ, ನನಗಾ?" ಎಂದು ಕೇಳಿದಳು ಅಮ್ಮ.

ಅವಳು ಸುಳ್ಳು ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ನಿಜ ಹೇಳಿದ್ದರೆ ಆ ಹೆಂಗಸಿನ ಮುಖ ಏನಾಗುತ್ತಿತ್ತೋ. ಆದರೆ ನಮ್ಮನ್ನು ಅವಳು ಯಾವ ಪ್ರೀತಿಯಿಂದ ಕಳಿಸಿಕೊಟ್ಟಳೋ ಅದು ನಮಗೆ ಸಲ್ಲಬೇಕಾದದ್ದಲ್ಲ ಎಂಬುದು ಬಸ್ಸಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಬೈದು ಕಳಿಸಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಾರುಕಟ್ಟೆಯಿಂದ ಅಪ್ಪ ಹೊಸ ಗುಂಡು ತಂದುಕೊಟ್ಟರು. "ಅಮ್ಮಿ ಕೊತ್ತಣುಮಾ" ಎಂದು ಆ ತಮಿಳು ಹೆಂಗಸು ಎಂದಿನಂತೆ ಬೀದಿಯಲ್ಲಿ ಕೂಗಿಕೊಂಡು ಬಂದಳು. ಅಮ್ಮ ಬಾಗಿಲು ಹಾಕಿಕೊಂಡಳು. ಮುಂದಿನ ವರ್ಷವೂ ಹಾಕಿಕೊಂಡಳು. ಉಳಿ ಹೊಡೆಸದ ಕಲ್ಲಿನಲ್ಲಿ ಎಷ್ಟು ಅರೆದರೂ ಚಟ್ನಿ ನುಣ್ಣಗಾಗುವುದಿಲ್ಲ. ನಮ್ಮ ಮನೆಯಲ್ಲಿ ಅದು ಯಾವಾಗಲೂ ತರಿತರಿ, ಹಲ್ಲಿಗೆ ಸಿಕ್ಕುವ ಕಡಲೆಯ ಚೂರುಗಳು. ತಮ್ಮ ದೊಡ್ಡವನಾದ ಮೇಲೆ ಒಂದು ದಿನ ತಟ್ಟೆ ಸರಿಸಿ, "ಎಲ್ಲರ ಮನೇಲೂ ಕಲ್ಲಿಗೆ ಉಳಿ ಹೊಡೆಸ್ತಾರೆ, ನಮ್ಮನೇಲಿ ಮಾತ್ರ ಯಾಕಿಲ್ಲ?" ಎಂದು ರೇಗಿದ.

ಅಮ್ಮ ಅವನನ್ನು ನೋಡಿದಳು. "ನಿನ್ನ ತೊಟ್ಟಿಲಿನ ಗುಂಡಿಗೆ ಹೊಡೆಸಿದ್ದೆ ಕಣೋ, ಜಾರಬಾರದು ಅಂತ" ಎಂದು ಹೇಳಿ, ಅವನ ತಟ್ಟೆಗೆ ಇನ್ನಷ್ಟು ಚಟ್ನಿ ಬಡಿಸಿ ಒಳಗೆ ಹೋದಳು.